ಸೀಲ್ ಒಡೆಯದ ಪೆಟ್ಟಿಗೆ

ಜಗತ್ತಿನ ಮಹಾವೀರರಿಗೆಲ್ಲ ಒಂದೊಂದು ವ್ರತವಿರುತ್ತದೆ. ಒಬ್ಬ ಸುಳ್ಳು ಹೇಳುವುದಿಲ್ಲ. ಒಬ್ಬ ಬೆನ್ನು ತೋರಿಸುವುದಿಲ್ಲ. ಇನ್ನೊಬ್ಬ ಕೇಳಿದವರಿಗೆ ಇಲ್ಲವೆನ್ನುವುದಿಲ್ಲ. ನನಗೂ ಒಂದು ವ್ರತವಿದೆ. ನಾನು ಪ್ಲಾಸ್ಟಿಕ್ ಕವರು ತೆಗೆಯುವುದಿಲ್ಲ!

ನಗಬೇಡಿ. ಕವರೆಂದರೆ ವಸ್ತುವಿನ ಮಾನ. ಅದು ಹೋದ ಮರುಗಳಿಗೆಯಿಂದ ವಸ್ತು ಸೆಕೆಂಡ್‌ಹ್ಯಾಂಡ್. ಮುಂದೊಂದು ದಿನ ಮಾರಬೇಕಾಗಿ ಬಂದರೆ? ನಮ್ಮ ಮನೆಯ ಟೀವಿ ರಿಮೋಟಿಗೆ ಈಗ ಹತ್ತು ವರ್ಷ. ಕವರಿಗೂ ಹತ್ತು ವರ್ಷ. ಕವರು ಮಂಜಾಗಿ ಒಳಗಿನ ಅಂಕಿಗಳು ಕಾಣದೆ ಐದು ವರ್ಷವಾಯಿತು. ನಾವು ಅಂದಾಜಿನ ಮೇಲೆ ಒತ್ತುತ್ತೇವೆ, ಬಂದ ಚಾನೆಲ್ಲನ್ನು ಭಕ್ತಿಯಿಂದ ನೋಡುತ್ತೇವೆ. ನಮ್ಮ ಸೋಫಾ ಇನ್ನೂ ಕಾರ್ಖಾನೆಯ ಹಾಳೆಯನ್ನೇ ಹೊದ್ದುಕೊಂಡಿದೆ. ಅದರ ಮೇಲೆ ಕೂತ ನೆಂಟರು ಒಂದಿಷ್ಟು ಅಲುಗಿದರೂ ಮನೆಮಂದಿಗೆಲ್ಲ ಕೇಳುವ ಶಬ್ದ ಬಂದು, ಅದು ಸೋಫಾದ್ದೇ ಎಂದು ಅವರು ಪ್ರಮಾಣ ಮಾಡಿ ಹೇಳಬೇಕಾಗುತ್ತದೆ. ಇನ್ನು ನನ್ನ ಕೊಡೆ! ಮಳೆ ಬಂದರೆ ಅದು ನೆನೆಯದಂತೆ ನಾನೇ ಅಡ್ಡ ನಿಲ್ಲುತ್ತೇನೆ.

"ನಿಮ್ಮನ್ನ ನಮ್ಮಪ್ಪ ಕವರು ಸಮೇತ ತಂದಿದ್ದಿದ್ರೆ ಚೆನ್ನಾಗಿತ್ತು ರೀ," ಎನ್ನುತ್ತಾಳೆ ನನ್ನ ಹೆಂಡತಿ. "ಈ ಹೊತ್ತಿಗೆ ವಾಪಸ್ಸಾದ್ರೂ ಕೊಡಬಹುದಿತ್ತು."

ಇಂಥ ಮಾತುಗಳಿಗೆಲ್ಲ ನಾನು ಮುಗುಳ್ನಕ್ಕು ಸುಮ್ಮನಾಗುತ್ತಿದ್ದೆ. ಈ ವ್ರತವೇ ಒಂದು ದಿನ ನನ್ನನ್ನು ಸಾಹುಕಾರನನ್ನಾಗಿ ಮಾಡುತ್ತದೆ, ಆವತ್ತು ಈ ಮನೆಯವರೆಲ್ಲ ನನ್ನ ಮುಂದೆ ಸಾಲಾಗಿ ನಿಂತು ಕ್ಷಮೆ ಕೇಳುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಆ ದಿನ ಬಂದೇಬಿಟ್ಟಿತೆಂದು ನಾನು ತಿಳಿದದ್ದು ನಮ್ಮ ಆಫೀಸಿನ ಗ್ರಾಫ್‌ನಿಂದ.

ಗ್ರಾಫ್ ಎನ್ನುವುದು ನನ್ನ ಪಕ್ಕದ ಮೇಜಿನ ಸಹೋದ್ಯೋಗಿಗೆ ನಾವಿಟ್ಟ ಅಡ್ಡಹೆಸರು. ನಾನು ಕಂಪನಿಯ ಉಗ್ರಾಣದ ಲೆಕ್ಕ ನೋಡುತ್ತೇನೆ. ಅವನೂ ಅದನ್ನೇ ನೋಡಬೇಕು, ಆದರೆ ಗೆರೆ ಎಳೆಯುವುದರಲ್ಲೇ ಅವನ ಹೊತ್ತು ಹೋಗುತ್ತದೆ. ಕ್ಯಾಂಟೀನಿನ ಚಹಾ ಮೂರು ವರ್ಷದಲ್ಲಿ ಎಷ್ಟು ತೆಳ್ಳಗಾಗಿದೆ ಎಂಬುದಕ್ಕೂ ಅವನ ಹತ್ತಿರ ಗ್ರಾಫ್ ಇದೆ. ಒಂದು ದಿನ ಅವನು ಕುರ್ಚಿಯನ್ನು ಕರಕರ ಎಳೆದುಕೊಂಡು ನನ್ನ ಹತ್ತಿರ ಬಂದ.

"ಗುರುವೇ, ಪಿನ್‌ಬಾಲ್ ಗೊತ್ತಾ?"

"ನನ್ನ ಹೆಂಡತಿ ಟೈಲರು. ಮನೆ ತುಂಬ ಪಿನ್ನೇ. ದಿನಾ ಚುಚ್ಚಿಸ್ಕೋತೀನಿ."

"ಆ ಪಿನ್ನಲ್ಲ! ಆಟದ ಯಂತ್ರ. ನಾಲ್ಕು ಕಾಲಿನ ಉದ್ದನೆ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಇಳಿಜಾರು. ಉಕ್ಕಿನ ಗೋಲಿ ಉರುಳ್ಕೊಂಡು ಕೆಳಗೆ ಬರುತ್ತೆ. ಎರಡೂ ಪಕ್ಕದ ಬಟನ್ ಒತ್ತಿದ್ರೆ ಎರಡು ರೆಕ್ಕೆ ಎದ್ದು ಅದನ್ನ ಮತ್ತೆ ಮೇಲಕ್ಕೆ ಹೊಡೆಯುತ್ತೆ. ದೀಪ, ಗಂಟೆ, ಅಂಕ, ಗಲಾಟೆ!"

ನೆನಪಾಯಿತು. ಚಿಕ್ಕವನಾಗಿದ್ದಾಗ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಅಂಥದ್ದೊಂದಿತ್ತು. ಜೇಬಿನಲ್ಲಿ ಕಾಸಿಲ್ಲದೆ, ಆಡುವವರ ಮೊಣಕೈ ಸಂದಿಯಲ್ಲಿ ಮೂಗು ತೂರಿಸಿ ನೋಡಿದ್ದೆ. ಅವನಿಗೆ ಹಾಗೇ ಹೇಳಿದೆ.

"ಅದೇ! ನಿನ್ನಂತೆ ಮೂಗು ತೂರಿಸಿದವರೇ ಈ ಮಾರುಕಟ್ಟೆಯ ಬಂಡವಾಳ!" ಗ್ರಾಫ್ ಹಾಳೆ ಬಿಡಿಸಿದ. "ನೋಡು, ಇಲ್ಲಿ ಆಟದ ಅಂಗಡಿಗಳು ಮುಚ್ಚಿದ್ವು, ಯಂತ್ರ ಎಲ್ಲ ಗುಜರಿಗೆ ಹೋಯ್ತು. ಇದು ಕಣಿವೆ. ಇಲ್ಲಿ ಆ ಹುಡುಗರೆಲ್ಲ ದೊಡ್ಡೋರಾಗಿ, ತಲೆ ಬೋಳಾಗಿ, ಕೈಯಲ್ಲಿ ದುಡ್ಡು ಆಡ್ತು. ಇದು ಬೆಟ್ಟ. ಊರಲ್ಲಿ ಬೋಳುತಲೆ ಹೆಚ್ಚಿದಷ್ಟೂ ಪಿನ್‌ಬಾಲ್ ಬೆಲೆ ಹೆಚ್ಚುತ್ತೆ. ಈಗ ಹಳೇ ಯಂತ್ರ ಹೊಸದಕ್ಕಿಂತ ದುಬಾರಿ. ಅದಕ್ಕೇ ಕಂಪನಿಯವರು ಹೊಸದನ್ನೂ ಎಣಿಸಿ ಐನೂರು ಮಾತ್ರ ಮಾಡ್ತಾರೆ. ಬೆಳಿಗ್ಗೆ ಮಾರಾಟಕ್ಕೆ ಬಿಟ್ರೆ ಮಧ್ಯಾಹ್ನಕ್ಕೆ ಖಾಲಿ. ಸಂಜೆಯಿಂದ ಅದೇ ಯಂತ್ರಕ್ಕೆ ಒಂದೂವರೆ ಪಟ್ಟು! ಆದ್ರೆ ಒಂದು ಷರತ್ತು."

"ಏನು?"

"ಪೆಟ್ಟಿಗೆ ಸೀಲ್ ಒಡೆದಿರಬಾರದು. ಒಂದೇ ಒಂದು ಆಟ ಆಡಿದ್ರೂ ಯಂತ್ರದ ಹೊಟ್ಟೇಲಿ ಲೆಕ್ಕ ಬೀಳುತ್ತೆ. ಕೊಳ್ಳೋರು ಅದನ್ನ ತೆಗೆದು ನೋಡ್ತಾರೆ. ಕೊಳ್ಳಬೇಕು, ಮುಟ್ಟದೆ ಇಡಬೇಕು, ಮಾರಬೇಕು. ಅಂಥ ಸಂಯಮ ಯಾರಿಗಿದೆ ಹೇಳು?"

ಯಾರಿಗಿದೆ! ಹತ್ತು ವರ್ಷದಿಂದ ರಿಮೋಟಿನ ಕವರು ತೆಗೆಯದವನನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಪ್ರಶ್ನೆಯೇ ಇದು? ಈ ಮಾರುಕಟ್ಟೆ ಇಷ್ಟು ಕಾಲ ಕಾದದ್ದು ನನ್ನ ಅವತಾರಕ್ಕಾಗಿ ಎಂದು ನನಗೆ ಆ ಕ್ಷಣವೇ ಮನದಟ್ಟಾಯಿತು.

"ನೀನೆಷ್ಟು ಕೊಂಡೆ?" ಎಂದು ಕೇಳಿದೆ.

"ನಾನು ಸಿದ್ಧಾಂತ ಮಾತ್ರ," ಎಂದ ಗ್ರಾಫ್.

ಕಾರಿಗೆಂದು ಕೂಡಿಟ್ಟ ಹಣ ಹಾಗೇ ಇತ್ತು. ಕಾರು ಕೊಂಡರೆ ಓಡಿಸಬೇಕು, ಓಡಿಸಿದರೆ ಬೆಲೆ ಇಳಿಯುತ್ತದೆ ಎಂದು ನಾನು ಅದುವರೆಗೆ ಬಸ್ಸಿನಲ್ಲೇ ಓಡಾಡುತ್ತಿದ್ದೆ. ಐನೂರರಲ್ಲಿ ಒಂದನ್ನು ಬುಕ್ ಮಾಡಿದೆ. ಆಮೇಲೆ ಮನೆಯಲ್ಲಿ ಘೋಷಿಸಿದೆ. ಈ ಕ್ರಮವನ್ನು ಯಾರೂ ಅನುಸರಿಸಬಾರದು.

ನಮ್ಮ ಮನೆಯಲ್ಲಿ ಮೂರು ಜನ. ನಾನು, ನನ್ನ ಹೆಂಡತಿ, ನಮ್ಮತ್ತೆ. ಹೆಂಡತಿ ಅಡುಗೆಮನೆಯ ಮೂಲೆಯಲ್ಲಿ, ಸಿಂಕಿಗೂ ಫ್ರಿಜ್ಜಿಗೂ ನಡುವೆ ಹೊಲಿಗೆಯಂತ್ರ ಇಟ್ಟುಕೊಂಡು ಹನ್ನೊಂದು ವರ್ಷದಿಂದ ಹೊಲಿಯುತ್ತಿದ್ದಳು. ಆಗಷ್ಟೇ ಅವಳಿಗೆ ಜೀವಮಾನದ ಮೊದಲ ದೊಡ್ಡ ಆರ್ಡರು ಸಿಕ್ಕಿತ್ತು: ಒಂದು ವಾದ್ಯತಂಡಕ್ಕೆ ನಲವತ್ತು ಕೋಟು, ನಲವತ್ತು ಪ್ಯಾಂಟು. ಅದಕ್ಕಾಗಿ ಮನೆಯ ಮುಂದಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಡುವುದಾಗಿ ನಾನು ಮಾತು ಕೊಟ್ಟಿದ್ದೆ. ಇದು ಚೆನ್ನಾಗಿ ನಡೆದರೆ ಆ ಕೋಣೆಯೇ ಅವಳ ಅಂಗಡಿ. ಕೆಟ್ಟರೆ ಮತ್ತೆ ಸಿಂಕಿನ ಪಕ್ಕ.

"ಮುಂದಿನ ಕೋಣೆ ನನಗೆ ಅಂದಿದ್ರಲ್ಲ ರೀ?" ಎಂದಳು.

"ನಿನಗೇ ಕಣೇ! ಮೂರೇ ತಿಂಗಳು. ಬೆಲೆ ಏರಿದ ತಕ್ಷಣ ಮಾರಿಬಿಡ್ತೀನಿ."

"ಬ್ಯಾಂಡ್ ಮಾಸ್ಟರು ಅಳತೆ ಕೊಡೋಕೆ ಬರ್ತಾರೆ, ಟ್ರಯಲ್ ನೋಡೋಕೆ ಬರ್ತಾರೆ. ಎಲ್ಲಿ ನಿಲ್ಲಿಸಲಿ ಅವರನ್ನ? ಸಿಂಕಿನೊಳಗಾ?"

"ದೊಡ್ಡ ಕೆಲಸಕ್ಕೆ ಸಣ್ಣ ತ್ಯಾಗ ಮಾಡಬೇಕು."

"ದೊಡ್ಡ ಕೆಲಸ ನಿಮ್ದು, ತ್ಯಾಗ ನನ್ದು. ಹಂಚಿಕೆ ಚೆನ್ನಾಗಿದೆ."

ನಮ್ಮತ್ತೆ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಆಗಿನ ಕಾಲದ ದೊಡ್ಡ ಹಲಗೆಯ ಮುಂದೆ ಕೂತು, ಎರಡೂ ಕೈಯಲ್ಲಿ ವೈರು ಎಳೆದು ಸಿಕ್ಕಿಸಿ, ಇಡೀ ಊರನ್ನು ಮಾತಾಡಿಸಿದವರು. ನಿವೃತ್ತಿಯಾದ ಮೇಲೆ ಮಂಡಿನೋವೊಂದೇ ಅವರ ಉದ್ಯೋಗ. ಅವರು ಕನ್ನಡಕ ಏರಿಸಿ ಕೇಳಿದರು.

"ಹೊಸದಕ್ಕಿಂತ ಹಳೇದಕ್ಕೆ ಹೆಚ್ಚು ಬೆಲೆ ಅಂದ್ರಾ ಅಳಿಯಂದಿರೇ?"

"ಹೌದತ್ತೆ, ಈಗ ಹಾಗೇ ನಡೀತಿದೆ."

"ಹಾಗಾದ್ರೆ ಅಲ್ಲಿ ನನ್ನನ್ನೂ ಒಂದ್ಸಲ ವಿಚಾರಿಸಿ ನೋಡಿ."

ಪೆಟ್ಟಿಗೆ ಬಂತು. ಬಂತು ಎಂದರೆ ಸಾಲದು, ಬಿಜಯಂಗೈದಿತು! ಆಳೆತ್ತರ, ಎರಡಾಳು ದಪ್ಪ, ಮೂರಾಳು ತೂಕ. ನಾಲ್ವರು ಹಮಾಲರು ಮುಂಬಾಗಿಲನ್ನು ಕೀಲಿನಿಂದಲೇ ಕಳಚಿ, ಅದನ್ನು ಒಳಗೆ ತಂದು, ಕೋಣೆಯ ನಟ್ಟನಡುವೆ ಇಳಿಸಿ, ಅಲ್ಲೇ ನೆಲದ ಮೇಲೆ ಉರುಳಿಕೊಂಡರು. ರಟ್ಟಿನ ಮೇಲೆ 'ಅಲುಗಾಡಿಸಬೇಡಿ' ಎಂದು ಬರೆದಿತ್ತು. ನಾನು ಅದರ ಕೆಳಗೆ ಸ್ವಹಸ್ತದಿಂದ ಇನ್ನಷ್ಟು ಕಾನೂನು ಬರೆದು ಅಂಟಿಸಿದೆ: ಮುಟ್ಟಬೇಡಿ. ಒರಗಬೇಡಿ. ಮೂರಡಿಯೊಳಗೆ ಕಾಫಿ ತರಬೇಡಿ. ಹತ್ತಿರದಲ್ಲಿ ಸೀನಬೇಡಿ.

ಅಂದಿನಿಂದ ನನ್ನ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಎದ್ದು ಪೆಟ್ಟಿಗೆಯ ದರ್ಶನ. ಆಮೇಲೆ ಫೋನಿನಲ್ಲಿ ಬೆಲೆಯ ದರ್ಶನ. ಸಂಜೆ ಆಫೀಸಿನಿಂದ ಬಂದವನೇ ಹೊಸ ಮೆತ್ತನೆಯ ಬಟ್ಟೆಯಿಂದ, ಮಗುವಿನ ಕೆನ್ನೆ ಒರೆಸುವಂತೆ ಅದರ ಮುಖದ ಧೂಳು ಒರೆಸುವುದು. ಬೆಲೆ ಏರುತ್ತಿತ್ತು! ವಾರಕ್ಕೊಂದು ಮೆಟ್ಟಿಲು! ಊರಾಚೆಯ ಒಬ್ಬ ಹಲ್ಲಿನ ಡಾಕ್ಟರು ಎರಡು ಸಲ ಫೋನ್ ಮಾಡಿದರು. ಅವರ ಬಳಿ ಆಗಲೇ ಹನ್ನೊಂದು ಯಂತ್ರಗಳಿದ್ದವಂತೆ. ಒಳ್ಳೆಯ ಬೆಲೆಯನ್ನೇ ಹೇಳಿದರು. "ಇನ್ನೂ ಹಣ್ಣಾಗಿಲ್ಲ ಡಾಕ್ಟ್ರೇ," ಎಂದು ತೋಟದ ಯಜಮಾನನ ಗತ್ತಿನಲ್ಲಿ ಹೇಳಿ ಫೋನಿಟ್ಟೆ.

ಅಷ್ಟೇ ಅಲ್ಲ, ಪೆಟ್ಟಿಗೆ ಕಾಲಿಟ್ಟ ಮೇಲೆ ಮನೆಗೆ ಕಳೆ ಬಂದಿತ್ತು. ಮೊದಲ ವಾರ ಉರಿಮುಖ ಮಾಡಿಕೊಂಡಿದ್ದ ಹೆಂಡತಿ ಎರಡನೇ ವಾರದಿಂದ ಕೋಣೆಯ ಮಾತೇ ಎತ್ತಲಿಲ್ಲ. ಹಾಡು ಗುನುಗುತ್ತಿದ್ದಳು. ಅತ್ತೆಯವರ ಮಂಡಿನೋವು ಮಾಯವಾಯಿತು! ಗಂಟೆಗಟ್ಟಲೆ ನಿಂತೇ ಇದ್ದೆ ಎಂದು ಅವರೇ ಒಮ್ಮೆ ಬಾಯಿತಪ್ಪಿ ಹೇಳಿದರು. ಭಾನುವಾರ ನಾನು ಮನೆಯಲ್ಲಿದ್ದರೆ ಮಾತ್ರ ಯಾಕೋ ಮಂಕಾಗುತ್ತಿದ್ದರು. ಕುರ್ಚಿಯ ಎರಡೂ ಕೈಗಳ ಮೇಲೆ ಬೆರಳು ಟಪಟಪ ಬಡಿಯುತ್ತಾ, "ಹೊರಗೆ ಎಲ್ಲಾದ್ರೂ ಹೋಗಿ ಗಾಳಿ ಕುಡ್ಕೊಂಡು ಬನ್ನಿ ಅಳಿಯಂದಿರೇ," ಎನ್ನುತ್ತಿದ್ದರು. ನನ್ನ ಆರೋಗ್ಯದ ಮೇಲೆ ಎಷ್ಟು ಕಾಳಜಿ ಎಂದು ನನ್ನ ಕಣ್ಣು ತುಂಬಿ ಬರುತ್ತಿತ್ತು.

ಒಂದು ಸಂಜೆ ಮಾತ್ರ ನನಗೊಂದು ಅನುಮಾನ ಬಂತು. ಪೆಟ್ಟಿಗೆ ಕಿಟಕಿಯ ಕಡೆಗೆ ಒಂದು ಗೇಣು ಸರಿದಂತಿತ್ತು.

"ಇದು ಇಲ್ಲಿತ್ತಾ ಕಣೇ?"

"ಇನ್ನೆಲ್ಲಿರುತ್ತೆ?"

"ಅಲ್ಲಿತ್ತು ಅನ್ಸುತ್ತೆ."

"ಅಷ್ಟು ಭಾರದ ವಸ್ತು ಅಲ್ವಾ ರೀ, ನೆಲ ಇಳಿಜಾರಾಗಿರಬೇಕು."

ಸರಿಯಾದ ಮಾತು. ಮಾರನೆಯ ದಿನ ನಾನು ನೆಲದ ಮೇಲೆ ಗೋಲಿಯಿಟ್ಟು ಪರೀಕ್ಷಿಸಿದೆ. ಗೋಲಿ ಅಲುಗಲಿಲ್ಲ. ಹಾಗಾದರೆ ಇಳಿಜಾರು ಬಹಳ ಸೂಕ್ಷ್ಮವಾದದ್ದು ಎಂದು ತೀರ್ಮಾನಿಸಿದೆ.

ಎರಡು ತಿಂಗಳ ಮೇಲೆ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗ್ರಾಫ್ ನನ್ನ ಮೇಜಿನ ಬಳಿ ಬಂದು ನಿಂತ. ಈ ಸಲ ಕುರ್ಚಿ ಎಳೆದುಕೊಳ್ಳಲಿಲ್ಲ. ಕೈಯಲ್ಲಿ ಹಾಳೆಯಿತ್ತು, ಹಾಳೆಯಲ್ಲಿದ್ದ ಗೆರೆ ಬಾವಿಗೆ ಬಿದ್ದ ಹಗ್ಗದಂತೆ ನೇರ ಕೆಳಗಿಳಿದಿತ್ತು.

"ಗುರುವೇ, ಕೂತಿದೀಯಲ್ಲ, ಒಳ್ಳೇದಾಯ್ತು. ಕಂಪನಿಯವರು ಅದೇ ಯಂತ್ರ ಇನ್ನೂ ಎರಡು ಸಾವಿರ ಮಾಡ್ತಾರಂತೆ."

"ಐನೂರೇ ಅಂದಿದ್ರು!"

"ಐನೂರು ಬೇಗ ಖಾಲಿಯಾಯ್ತಲ್ಲ, ಅದಕ್ಕೇ. ಈ ಸುದ್ದಿ ಕೇಳಿ ಸೀಲ್ ಒಡೆಯದೆ ಇಟ್ಕೊಂಡಿದ್ದವರೆಲ್ಲ ಒಟ್ಟಿಗೆ ಮಾರಾಟಕ್ಕೆ ಇಟ್ಟಿದ್ದಾರೆ. ನಿನ್ನಂಥವರು ಇಷ್ಟೊಂದು ಜನ ಇದ್ದಾರೆ ಅಂತ ನಂಗೂ ಗೊತ್ತಿರಲಿಲ್ಲ."

ನಾನು ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ. "ಡಾಕ್ಟ್ರೇ, ಹಣ್ಣಾಗಿದೆ!" ಎಂದೆ. "ಕೊಳೆತಿದೆ ಅಂತ ಕೇಳಿದೆನಲ್ಲ," ಎಂದರು ಅವರು. ಆದರೂ ಪಾಪ, ನೋಡಲು ಬರುತ್ತೇನೆಂದರು. ಅರ್ಧ ದಿನ ರಜೆ ಹಾಕಿ, ಅವರ ಕಾರಿನಲ್ಲೇ ಕೂತು, ಮನೆಗೆ ಫೋನು ಕೂಡ ಮಾಡದೆ ಹೊರಟೆ.

ದಾರಿಯುದ್ದಕ್ಕೂ ಪೆಟ್ಟಿಗೆಯ ಶೀಲವನ್ನು ವರ್ಣಿಸಿದೆ. "ಬೆರಳು ಸೋಕಿಲ್ಲ ಡಾಕ್ಟ್ರೇ! ತೂಕ ಹೇಗಿದೆ ಅಂದ್ರೆ ನಾಲ್ಕು ಜನ ಬೇಕು ಅಲುಗಿಸೋಕೆ! ಎರಡು ತಿಂಗಳಿಂದ ಒಂದು ಇಂಚೂ..." ಎಂದವನು ಗೇಣಿನ ವಿಷಯ ನೆನಪಾಗಿ ಅಲ್ಲಿಗೆ ನಿಲ್ಲಿಸಿದೆ.

ಮುಂದಿನ ಕೋಣೆಯ ಬಾಗಿಲು ತೆರೆದೆ. ಪೆಟ್ಟಿಗೆ ಇತ್ತು. ಆದರೆ ಸುತ್ತಮುತ್ತ ಬೇರೇನೇನೋ ಇತ್ತು. ಕಿಟಕಿಯ ಬಳಿ ಹೊಲಿಗೆಯಂತ್ರ. ಉದ್ದನೆಯ ಮೇಜಿನ ಮೇಲೆ ಕತ್ತರಿ, ಟೇಪು, ಚಾಕಿನ ಗುರುತು ಹಾಕಿದ ಕೆಂಪು ಬಟ್ಟೆ. ಹಗ್ಗದ ಮೇಲೆ ತೋಳಿಲ್ಲದ ಕೋಟುಗಳ ಸಾಲು.

"ಇದೇನು, ಇಲ್ಲಿ ಯಾರೋ ಟೈಲರು..." ಎಂದರು ಡಾಕ್ಟರು.

"ನಮ್ಮ ಮನೆಯವರೇ. ನೀವು ಪೆಟ್ಟಿಗೆ ನೋಡಿ ಡಾಕ್ಟ್ರೇ, ಪೆಟ್ಟಿಗೆ!"

ಡಾಕ್ಟರು ಹತ್ತಿರ ಹೋದರು. ಕನ್ನಡಕ ಸರಿಮಾಡಿಕೊಂಡು, ರೋಗಿಯ ದವಡೆ ಹಲ್ಲಿಗೆ ಬಡಿಯುವಂತೆ ಬೆರಳ ಗೆಣ್ಣಿನಿಂದ ರಟ್ಟಿಗೆ ಟಕ್ ಟಕ್ ಬಡಿದರು. ಕಿವಿಗೊಟ್ಟರು. ಮುಖ ಗಂಭೀರವಾಯಿತು.

"ಟೊಳ್ಳಿದೆ," ಎಂದರು.

ಅಷ್ಟರಲ್ಲಿ ಪೆಟ್ಟಿಗೆಯೊಳಗಿನಿಂದ ಒಂದು ಗಡಸು ಗಂಡುದನಿ ಬಂತು: "ಸ್ವಲ್ಪ ತಾಳ್ರೀ! ಇನ್ನೂ ಒಂದು ಕಾಲು ಬಾಕಿ ಇದೆ!"

ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. "ಹೊಸ ಯಂತ್ರದಲ್ಲಿ ಕಾಲು ಬಿಚ್ಚಿ ಒಳಗಿಟ್ಟಿರ್ತಾರೆ ಅಂತ ಗೊತ್ತು," ಎಂದರು ಮೆಲ್ಲಗೆ. "ಮಾತಾಡುತ್ತೆ ಅಂತ ಗೊತ್ತಿರಲಿಲ್ಲ."

ನನಗೆ ತಲೆ ಸುತ್ತು ಬಂತು. ತಲೆ ಸುತ್ತಿದವನು ಹತ್ತಿರದಲ್ಲಿರುವ ಅತಿ ಭಾರದ, ಅತಿ ಸ್ಥಿರವಾದ ವಸ್ತುವಿಗೆ ಒರಗುವುದು ಸಹಜ. ನಾನು ನನ್ನ ಪೆಟ್ಟಿಗೆಗೆ ಒರಗಿದೆ. ಮೂರಾಳು ತೂಕದ ಆ ಮಹಾಪರ್ವತ ನಯವಾಗಿ ಜಾರಿತು! ಜಾರಿ, ಮೇಜಿಗೆ ಬಡಿದು, ಮಗುಚಿಕೊಂಡಿತು. ಅದರ ಮೇಲೆ ನಾನು, ನನ್ನ ಮೇಲೆ ಹಗ್ಗ, ಹಗ್ಗದ ಮೇಲಿನ ಇಪ್ಪತ್ತಾರು ಕೋಟುಗಳು. ಒಳಗಿನಿಂದ ಕನ್ನಡಿ ಒಡೆದ ಸದ್ದು, ಸ್ಟೂಲು ಉರುಳಿದ ಸದ್ದು, ಆಮೇಲೆ ತುತ್ತೂರಿಯಂಥ ಒಂದು ಗರ್ಜನೆ.

ಪೆಟ್ಟಿಗೆಯ ಹಿಂಬದಿಯಲ್ಲಿ ಅಚ್ಚುಕಟ್ಟಾಗಿ ಕತ್ತರಿಸಿ, ಅಂಚಿಗೆ ಪಟ್ಟಿ ಕೊಟ್ಟು, ಪರದೆ ಹೊಲಿದಿದ್ದ ಬಾಗಿಲೊಂದಿತ್ತು. ಅದರಿಂದ ಒಬ್ಬ ಮನುಷ್ಯ ತೆವಳಿ ಹೊರಬಂದ. ಮೇಲೆ ಅರ್ಧ ಹೊಲಿದ ಕೆಂಪು ಕೋಟು, ಕೆಳಗೆ ಒಂದು ಕಾಲಿಗೆ ಮಾತ್ರ ಪ್ಯಾಂಟು. ವಾದ್ಯತಂಡದ ಬ್ಯಾಂಡ್ ಮಾಸ್ಟರು!

ಪಿನ್ನು ತರಲು ಅಡುಗೆಮನೆಗೆ ಹೋಗಿದ್ದ ಹೆಂಡತಿ ಓಡಿಬಂದಳು. "ಅಯ್ಯೋ! ಏಟಾಯ್ತಾ?" ಎಂದು ಕೂಗಿದಳು. ನಾನು ಕೋಟುಗಳಡಿಯಿಂದ "ಇಲ್ಲ ಕಣೇ," ಎಂದೆ. ಅವಳು ಕೇಳಿದ್ದು ನನ್ನನ್ನಲ್ಲ.

"ಮೇಡಂ," ಬ್ಯಾಂಡ್ ಮಾಸ್ಟರು ಪ್ಯಾಂಟಿನ ಇನ್ನೊಂದು ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತರು. "ನಮ್ಮ ಕಾರ್ಯಕ್ರಮ ಒಂದು ವಾರ ಮುಂಚೆ ಆಗ್ತಿದೆ ಅಂತ ಹೇಳೋಕೆ ಇವತ್ತು ಬಂದೆ. ನಿಮ್ಮ ಕೈಲಾಗುತ್ತಾ ಅಂತ ಅನುಮಾನ ಇತ್ತು. ಈಗ ಅನುಮಾನವೂ ಇಲ್ಲ. ನನ್ನ ಬಟ್ಟೆ ವಾಪಸ್ ಕೊಡಿ. ಬೇರೆ ಅಂಗಡಿ ನೋಡ್ಕೋತೀನಿ. ನಿಜವಾದ ಅಂಗಡಿ!"

ಹೆಂಡತಿ ಬಗ್ಗಿ ನೆಲದ ಮೇಲೆ ಬಿದ್ದ ಕೋಟುಗಳನ್ನು ಒಂದೊಂದಾಗಿ ಎತ್ತಿ, ಕೊಡವಿ, ಮಡಿಸಲು ಶುರುಮಾಡಿದಳು. ಅವಳು ಬೈದಿದ್ದರೆ ನನಗೆ ಅಭ್ಯಾಸವಿತ್ತು.

"ಯಂತ್ರ ಎಲ್ಲಿ?" ಎಂದು ಪಿಸುಗುಟ್ಟಿದೆ.

"ಕೋಣೆಗೆ ಬೆಳಕೇ ಬೀಳ್ತಿರಲಿಲ್ಲ. ಪೆಟ್ಟಿಗೆ ಮೂಲೆಗೆ ಸರಿಸೋಣ ಅಂತ ಆ ಹಮಾಲರನ್ನೇ ಮತ್ತೆ ಕರೆಸಿದೆ. 'ಭಾರ ಇರೋದು ಒಳಗಿನ ಸಾಮಾನಿಂದು, ಅದನ್ನ ತೆಗೆದ್ರೆ ಪೆಟ್ಟಿಗೆ ಹಗುರ' ಅಂದ್ರು. ಹಿಂಬದಿಯಿಂದ ತೆಗೆದ್ರು. ಅಮ್ಮ ಅದನ್ನ ನೋಡಿ, 'ನಮ್ಮ ಎಕ್ಸ್‌ಚೇಂಜಿನ ಹಲಗೆ ಥರಾನೇ ಇದೆ ಕಣೇ, ಒಂದೇ ಒಂದು ದಿನ ನನ್ನ ಕೋಣೇಲಿರಲಿ' ಅಂದ್ರು."

"ಯಾವತ್ತು?"

"ಪೆಟ್ಟಿಗೆ ಬಂದ ಎಂಟನೇ ದಿನ."

ಅಳಿಯನಾದವನು ಅತ್ತೆಯ ಕೋಣೆಗೆ ತಲೆ ಹಾಕಬಾರದೆಂಬ ಮರ್ಯಾದೆಯನ್ನು ನಾನು ಪಾಲಿಸಿಕೊಂಡು ಬಂದವನು. ಅಂದರೆ ಸರಿಸುಮಾರು ಎರಡು ತಿಂಗಳು ನಾನು ಮುಂಜಾನೆ ದರ್ಶನ ಪಡೆದು, ಸಂಜೆ ಕೆನ್ನೆ ಒರೆಸಿ, ಹತ್ತಿರ ಸೀನಲೂ ಹೆದರಿ ಕಾಯ್ದದ್ದು ಒಂದು ಬಟ್ಟೆ ಬದಲಾಯಿಸುವ ಕೋಣೆಯನ್ನು!

ಆ ಹೊತ್ತಿಗೆ ಒಳಗಿನಿಂದ ಟಿಣ್ ಟಿಣ್ ಧಡಲ್ ಎಂದು ಸದ್ದಾಯಿತು. ಡಾಕ್ಟರ ಕಿವಿ ನಿಮಿರಿತು. ಅವರು ಸದ್ದಿನ ಜಾಡು ಹಿಡಿದು ನಡೆದರು. ಅವರ ಹಿಂದೆ ನಾನು, ನನ್ನ ಹಿಂದೆ ಹೆಂಡತಿ, ಅವಳ ಹಿಂದೆ ಬಟ್ಟೆ ವಾಪಸ್ ಕೇಳುತ್ತಾ ಒಂಟಿಕಾಲಿನ ಬ್ಯಾಂಡ್ ಮಾಸ್ಟರು.

ಅತ್ತೆಯವರ ಕೋಣೆ ದೀಪಗಳಿಂದ ಜಗಮಗಿಸುತ್ತಿತ್ತು. ಅವರು ನಮಗೆ ಬೆನ್ನು ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಅಗಲಿಸಿ ನಿಂತಿದ್ದರು.

"ಯಾರೂ ಮಾತಾಡಬೇಡಿ," ಎಂದರು ತಿರುಗಿ ನೋಡದೆ. "ಕೊನೇ ಗೋಲಿ."

ಗೋಲಿ ಸಿಡಿಲಿನಂತೆ ಓಡುತ್ತಿತ್ತು. ಅತ್ತೆ ಕಣ್ಣು ಮಿಟುಕಿಸದೆ ಎಡ, ಬಲ, ಬಲ, ಎಡ ಎಂದು ಬೆರಳು ಆಡಿಸುತ್ತಿದ್ದರು. ಮೂವತ್ತೆರಡು ವರ್ಷ ಯಾವ ಕರೆಯನ್ನೂ ಕೆಳಗೆ ಬಿಡದ ಕೈಗಳು! ಮೂರು ನಿಮಿಷ, ನಾಲ್ಕು, ಐದು. ಬ್ಯಾಂಡ್ ಮಾಸ್ಟರ ಹಿಮ್ಮಡಿ ತಾನಾಗಿಯೇ ನೆಲಕ್ಕೆ ತಟ್ಟತೊಡಗಿತು.

"ಅಬ್ಬಾ, ತಾಳ ತಪ್ಪೋದೇ ಇಲ್ವಲ್ಲ!" ಎಂದರು. "ನಮ್ಮ ಡೋಲಿನವನಿಗೆ ಇದರಲ್ಲಿ ಕಾಲುಭಾಗ ಬಂದ್ರೆ ಸಾಕಿತ್ತು."

ಆಟ ಮುಗಿದ ಮೇಲೆ ಡಾಕ್ಟರು ಅನುಮತಿ ಕೇಳಿ, ಯಂತ್ರದ ಮುಂಭಾಗ ತೆರೆದು, ಏನೋ ಒತ್ತಿ, ಹೊಟ್ಟೆಯೊಳಗಿನ ಲೆಕ್ಕ ತೆಗೆದರು. ಗಟ್ಟಿಯಾಗಿ ಓದಿದರು.

"ಎರಡು ಸಾವಿರದ ಮುನ್ನೂರ ಹನ್ನೆರಡು ಆಟ."

"ಮುನ್ನೂರ ಹದಿಮೂರು ಇರಬೇಕು," ಎಂದರು ಅತ್ತೆ. "ಈಗಿಂದನ್ನ ಸೇರಿಸಿದ್ರಾ?"

"ನೋಡಿ ಸ್ವಾಮಿ," ಡಾಕ್ಟರು ನನ್ನ ಭುಜದ ಮೇಲೆ ಕೈಯಿಟ್ಟರು. ಹಲ್ಲು ಕೀಳುವ ಮುಂಚೆ ಅವರು ಹೀಗೇ ಕೈಯಿಡುತ್ತಾರೆಂದು ಕಾಣುತ್ತದೆ. "ಸೀಲ್ ಒಡೆಯದ್ದು ಇವತ್ತು ಯಾರಿಗೂ ಬೇಡ. ಹೊಸ ಯಂತ್ರ ಅಂದ್ರೆ ಮೊದಲ ನೂರು ಆಟದಲ್ಲಿ ಏನಾದ್ರೂ ಕೈಕೊಡುತ್ತೆ. ಇದು ಆಡಿ ಪಳಗಿದೆ. ಗಾಜಲ್ಲಿ ಒಂದು ಗೀರಿಲ್ಲ, ಗೋಲಿಯನ್ನೂ ಒರೆಸಿ ಇಟ್ಟಿದ್ದಾರೆ. ನೀವು ಕೊಟ್ಟಷ್ಟು ಬರಲ್ಲ, ಮುಕ್ಕಾಲು ಭಾಗ ಕೊಡ್ತೀನಿ. ಈಗಲೇ."

ಮುಕ್ಕಾಲು! ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂದರೆ ಇಲ್ಲಿ ದೋಣಿಯೇ ಬಂದಿತ್ತು. ಹೂಂ ಎನ್ನಲು ಬಾಯಿ ತೆರೆದೆ. ಅತ್ತೆಯವರು ಕನ್ನಡಕ ಕಳಚಿ ಸೆರಗಿನಿಂದ ಒರೆಸಿಕೊಂಡರು.

"ನಿಮ್ಮ ವಸ್ತು ಅಳಿಯಂದಿರೇ, ನಿಮ್ಮಿಷ್ಟ," ಎಂದರು. "ನಿವೃತ್ತಿಯಾಗಿ ಹನ್ನೆರಡು ವರ್ಷ ಆಯ್ತು. ಯಾರಾದ್ರೂ ನನ್ನ ಕೈ ನೋಡಿ ಹೊಗಳಿದ್ದು ಇವತ್ತೇ."

ನನ್ನ ಬಾಯಿ ತೆರೆದೇ ಇತ್ತು. ಅದರಿಂದ ಹೂಂ ಬರಬೇಕು. ಬರಲಿಲ್ಲ. ಆಚೆ ಕೋಣೆಯಲ್ಲಿ ಹೆಂಡತಿ ಮತ್ತೆ ಬಟ್ಟೆ ಮಡಿಸತೊಡಗಿದ್ದಳು. ಆ ಸದ್ದು ಕೇಳಿಸುತ್ತಿತ್ತು. ಹನ್ನೊಂದು ವರ್ಷ ಸಿಂಕಿನ ಪಕ್ಕ ಕೂತವಳು, ನಾನು ಕಸಿದುಕೊಂಡ ಕೋಣೆಯನ್ನು ನನ್ನ ಪೆಟ್ಟಿಗೆಯ ಬೆನ್ನಿನಲ್ಲೇ ಬಾಗಿಲು ಕತ್ತರಿಸಿ ಕಟ್ಟಿಕೊಂಡಿದ್ದಳು. ದಿನಾ ಸಂಜೆ ಐದೂವರೆಗೆ ಅಂಗಡಿಯನ್ನೆಲ್ಲ ಮಡಿಸಿ ಅಡುಗೆಮನೆಗೆ ಸಾಗಿಸಿ, ಪೆಟ್ಟಿಗೆಯ ಮುಖವನ್ನು ಬಾಗಿಲ ಕಡೆ ತಿರುಗಿಸಿಟ್ಟು, ನನ್ನ ಮಾರುಕಟ್ಟೆಯ ಭಾಷಣ ಕೇಳಿದ್ದಳು. ಅದನ್ನೂ ನಾನೇ ಬೀಳಿಸಿದ್ದೆ. ಅಕ್ಷರಶಃ.

"ಡಾಕ್ಟ್ರೇ, ಮಾರಾಟಕ್ಕಿಲ್ಲ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮಾಸ್ಟ್ರೇ, ತಪ್ಪು ನನ್ನದು. ಅವಳದ್ದು ನಿಜವಾದ ಅಂಗಡಿಯೇ. ಅಡ್ಡ ಬಂದಿದ್ದು ನಾನು. ಒಂದು ವಾರ ಮುಂಚೆ ನಿಮಗೆ ನಲವತ್ತೂ ಕೋಟು ಸಿಗುತ್ತೆ."

"ಹೇಗೆ? ಅವರೊಬ್ಬರೇ. ಇನ್ನೊಂದು ಕೈ ಎಲ್ಲಿದೆ?"

"ಇಲ್ಲಿದೆ." ಕೈ ಎತ್ತಿ ತೋರಿಸಿದೆ.

ಬ್ಯಾಂಡ್ ಮಾಸ್ಟರು ಆ ಕೈಯನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ಬಂದು ನಿಂತಿದ್ದ ನನ್ನ ಹೆಂಡತಿಯನ್ನು ನೋಡಿದರು. "ಇವರಿಗೇನು ಬರುತ್ತೆ ಮೇಡಂ?"

"ಏನೂ ಬರಲ್ಲ," ಎಂದಳು ಹೆಂಡತಿ. ಆಮೇಲೆ ಸೇರಿಸಿದಳು: "ಕಲಿಸ್ತೀನಿ."

ಬ್ಯಾಂಡ್ ಮಾಸ್ಟರು ಅತ್ತೆಯವರ ಬೆರಳುಗಳ ಕಡೆ ಇನ್ನೊಮ್ಮೆ ನೋಡಿದರು. ಈ ಮನೆಯ ಕೈಗಳ ಮೇಲೆ ಅವರಿಗೆ ನಂಬಿಕೆ ಬಂದದ್ದು ಅಲ್ಲಿಂದಲೇ ಇರಬೇಕು. ನನ್ನದನ್ನು ನೋಡಿಯಂತೂ ಅಲ್ಲ. "ಸರಿ. ಆದ್ರೆ ಮೊದಲು ಈ ಇನ್ನೊಂದು ಕಾಲು ಹಾಕ್ಕೊಳ್ಳೋಕೆ ಒಂದು ಜಾಗ ತೋರಿಸಿ," ಎಂದರು.

ಕೋಟಿಗೆ ಎಂಟು ಹಿತ್ತಾಳೆ ಗುಂಡಿ. ನಲವತ್ತು ಕೋಟಿಗೆ ಮುನ್ನೂರ ಇಪ್ಪತ್ತು. ಆಫೀಸಿಗೆ ರಜೆ ಹಾಕಿ ಎಲ್ಲವನ್ನೂ ನಾನೇ ಹೊಲಿದೆ. ಮೊದಲ ದಿನ ಹನ್ನೊಂದು ಗುಂಡಿ ಹೊಲಿದೆ. ಅದರಲ್ಲಿ ಮೂರನ್ನು ನನ್ನ ಅಂಗಿಗೇ ಸೇರಿಸಿ ಹೊಲಿದುಕೊಂಡಿದ್ದೆ. "ಗಂಟು ಒಳಗಡೆ ಬರಬೇಕು ರೀ, ನಿಮ್ಮ ಮುಖದಲ್ಲಲ್ಲ," ಎನ್ನುತ್ತಿದ್ದಳು ಹೆಂಡತಿ. ಅತ್ತೆಯವರು ಎರಡು ಆಟಗಳ ನಡುವೆ ಬಂದು ಸೂಜಿಗೆ ದಾರ ಪೋಣಿಸಿ ಕೊಟ್ಟುಹೋಗುತ್ತಿದ್ದರು. ಕೋಟುಗಳು ಹೇಳಿದ ದಿನಕ್ಕೆ ಹೋದವು. ಬ್ಯಾಂಡ್ ಮಾಸ್ಟರು ತಮ್ಮ ಪರಿಚಯದ ಇನ್ನೊಂದು ವಾದ್ಯತಂಡವನ್ನು ಕಳಿಸಿದರು. ಮುಂದಿನ ಕೋಣೆಗೆ ಬೋರ್ಡು ಬಂತು, ಮರದ ಟ್ರಯಲ್ ರೂಮು ಬಂತು. ನಾನು ಆಫೀಸು ಮುಗಿಸಿ ಬಂದು ಅಲ್ಲಿ ಎರಡು ಗಂಟೆ ಕೂರುತ್ತೇನೆ. ಹಲ್ಲಿನ ಡಾಕ್ಟರು ಪ್ರತಿ ಶನಿವಾರ ಬಂದು ಅತ್ತೆಯವರ ಕೈಲಿ ಸೋತು ಹೋಗುತ್ತಾರೆ.

ಆದರೆ ಡಾಕ್ಟರು ಒಂದು ಎಡವಟ್ಟು ಮಾಡಿದರು. ಮುಕ್ಕಾಲು ಬೆಲೆ ಕೈಗೆ ಬಂದರೂ ಮಾರದ ಮನುಷ್ಯನೊಬ್ಬನಿದ್ದಾನೆ, ಅವನು ಮಾರುಕಟ್ಟೆಯಲ್ಲಿ ಏನೋ ದೊಡ್ಡದನ್ನು ಕಂಡಿರಬೇಕು ಎಂದು ಯಂತ್ರ ಸಂಗ್ರಹಿಸುವ ತಮ್ಮ ಗೆಳೆಯರಿಗೆಲ್ಲ ಹೇಳಿದರಂತೆ. ಕಳೆದ ವಾರ ಒಬ್ಬರು ಕೋಟು ಟೈ ಹಾಕಿಕೊಂಡು ದೂರದಿಂದ ಅಂಗಡಿಗೆ ಬಂದರು. ನನ್ನನ್ನು ಕಂಡು ಕೈಮುಗಿದರು.

"ಪಿನ್‌ಬಾಲ್ ಮಾರುಕಟ್ಟೆ ಅರೆದು ಕುಡಿದವರು ಅಂತ ಕೇಳಿದೆ. ಆ ಮಹಾನುಭಾವರು ನೀವೇ ಅಲ್ವಾ? ಒಂದೇ ಒಂದು ಸಲಹೆ ಬೇಕು ಸಾರ್. ಈಗ ಹೊಸದು ಕೊಳ್ಳಲಾ, ಹಳೇದು ಕೊಳ್ಳಲಾ?"

ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಎದೆ ಉಬ್ಬಿತು. ಗಂಟಲು ಸರಿಮಾಡಿಕೊಂಡೆ. ಮೇಜಿನಾಚೆ ಹೊಲಿಗೆಯಂತ್ರದ ಸದ್ದು ನಿಂತಿತು. ಹೆಂಡತಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಸಾರ್," ಎಂದೆ. "ನಾನು ಇಲ್ಲಿ ಗುಂಡಿ ಹೊಲಿಯೋನು."